ಎದೆಗೆ ವೀಣೆ, ಅಂಗಡಿಗೆ ಹಲಗೆ

ಡಾಕ್ಟರರು ಕಹಿ ಮದ್ದು ಕೊಟ್ಟರೆ ಕಣ್ಣು ಮುಚ್ಚಿ ಕುಡಿಯಬಹುದು. ಸಿಹಿ ಮದ್ದು ಕೊಟ್ಟರೆ ಸ್ವಲ್ಪ ಹುಷಾರಾಗಿರಬೇಕೆಂಬುದು ನನ್ನ ಅನುಭವ. ಅರವತ್ತರ ದಶಕದಲ್ಲಿ ನಾನು ಸುಳ್ಯದಲ್ಲಿ ಮೇಷ್ಟ್ರಾಗಿದ್ದೆ. ನೆರೆಯವರೊಬ್ಬರು ಎದೆನೋವೆಂದು ಆಸ್ಪತ್ರೆ ಸೇರಿದ್ದೇ ತಡ, ನನ್ನ ಎದೆಯೂ ಡವಡವ ಎನ್ನತೊಡಗಿತು. ಊಟ ಸೇರದು, ನಿದ್ದೆ ಬಾರದು. "ನಿಮ್ಮ ಎದೆಯ ಕಥೆ ಕೇಳಿ ನನ್ನದೂ ಹೊಡೆದುಕೊಳ್ಳುದು" ಎಂದು ಹೆಂಡತಿ ನನ್ನನ್ನು ಪುತ್ತೂರಿನ ಡಾಕ್ಟರರ ಬಳಿಗೆ ಎಳೆದುಕೊಂಡು ಹೋದಳು. ಅವರು ಎದೆಗೆ ಕೊಳವೆಯಿಟ್ಟು ನೋಡಿ, "ಎಂತದ್ದೂ ಇಲ್ಲ ಮಾರಾಯ್ರೆ, ಬರೇ ಹೆದರಿಕೆ. ಸಂಜೆ ವೀಣೆಯೋ ಪಿಟೀಲೋ ಕೇಳಿ. ಹಾಡು ಬೇಡ, ವಾದ್ಯ ಮಾತ್ರ" ಎಂದರು. ಭಾವನ ರೇಡಿಯೋವನ್ನು ಕಾಡಿ ಬೇಡಿ ತಂದು, ಪೇಟೆಯ ನಡುವಿನ ನಮ್ಮ ಮಾಳಿಗೆಯ ಕಿಟಕಿಯಲ್ಲಿ ಬೀದಿಗೆ ಮುಖ ಮಾಡಿ ಇಟ್ಟೆ. ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ?

ಒಂದು ವಿಷಯ ಮಾತ್ರ ಹೊಳೆಯಲಿಲ್ಲ. ಆಗ ದೇಶದ ದೊಡ್ಡವರು ಯಾರಾದರೂ ತೀರಿಕೊಂಡರೆ ರೇಡಿಯೋದಲ್ಲಿ ಹಾಡು, ನಾಟಕ ಎಲ್ಲ ನಿಂತು ಬರೇ ವಾದ್ಯ ನುಡಿಯುತ್ತಿತ್ತು. ಅದು ಕೇಳಿಸಿದರೆ ಸಾಕು, ಸತ್ತವರು ಯಾರೆಂದು ವಿಚಾರಿಸುವ ಮೊದಲೇ ಪೇಟೆಯವರು ಅಂಗಡಿಗೆ ಹಲಗೆ ಹಾಕಿ ಮುಚ್ಚುತ್ತಿದ್ದರು. ಅದು ಮರ್ಯಾದೆ.

ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ ವೀಣೆ ಕೇಳುತ್ತಿದ್ದೆ. ಆಹಾ, ಎಂಥ ಸುಖ! ಅಷ್ಟರಲ್ಲಿ ಕೆಳಗೆ ದಡದಡ ಸದ್ದು. ಇಣುಕಿದರೆ, ಜಿನಸು ಅಂಗಡಿಯ ಪೊಡಿಯಬ್ಬ ಬ್ಯಾರಿಗಳು ಹಲಗೆ ಹಾಕುತ್ತಿದ್ದಾರೆ. ಎದುರಿನ ಹೋಟೆಲೂ ಮುಚ್ಚುತ್ತಿದೆ. ಸುಬ್ರಹ್ಮಣ್ಯದ ಬಸ್ಸಿನ ಡ್ರೈವರು ಟೊಪ್ಪಿ ತೆಗೆದು ನಿಂತಿದ್ದಾನೆ. ಆ ಬಸ್ಸು ಹೊರಟಿತೋ, ದಾರಿಯ ಊರುಗಳಿಗೆಲ್ಲ ಸಾವಿನ ಸುದ್ದಿ. ನಾಳೆ ಕಡಬದಲ್ಲೂ ಶಾಲೆಗೆ ರಜೆ! ಕೆಟ್ಟೆನಪ್ಪಾ ಎನಿಸಿತು. ಹೇಳದಿದ್ದರೆ ಊರಿಗೆಲ್ಲ ಸೂತಕ, ಹೇಳಿದರೆ ನಾನು ಊರಲ್ಲಿ ತಲೆಯೆತ್ತಿ ನಡೆಯುವ ಹಾಗಿಲ್ಲ. ಎದೆ ಬಾಯಿಗೆ ಬಂದಿತ್ತು. ಹೇಗೋ ಮೆಟ್ಟಿಲಿಳಿದೆ.

"ಯಾರು ಹೋದದ್ದು ಮೇಷ್ಟ್ರೆ?" ಎಂದರು ಪೊಡಿಯಬ್ಬರು. ಅವರ ಕಣ್ಣು ಒದ್ದೆಯಾಗಿತ್ತು.

"ಯಾರೂ ಅಲ್ಲ. ವೀಣೆ ಕೇಳಿದರೆ ನನ್ನ ಎದೆಗೆ ಒಳ್ಳೇದು ಅಂತ ಡಾಕ್ಟರು ಹೇಳಿದ್ದು" ಎಂದು ತೊದಲಿ, ಬೈಗುಳಕ್ಕೆ ತಲೆ ತಗ್ಗಿಸಿದೆ.

"ಯಾರೂ ಸಾಯಲಿಲ್ಲವಾ? ಯಾ ಅಲ್ಲಾ! ಇದಕ್ಕಿಂತ ಒಳ್ಳೆ ಸುದ್ದಿ ಎಂತ ಉಂಟು ಮಾರಾಯ್ರೆ! ಬಾಗಿಲು ಹೇಗೂ ಹಾಕಿ ಆಯಿತು. ಸ್ವಲ್ಪ ಜೋರು ಇಡಿ, ಕೇಳುವ."

ಹೋಟೆಲಿನವರು ಚಹಾ ತಂದರು. ಎಲ್ಲರೂ ಅಂಗಡಿ ಜಗಲಿಯಲ್ಲಿ ಸಾಲಾಗಿ ಕೂತರು. ಡ್ರೈವರು, "ವೀಣೆ ಇಷ್ಟು ಚಂದ ಇರ್ತದೆ ಅಂತ ಗೊತ್ತೇ ಇರ್ಲಿಲ್ಲ. ಇಷ್ಟು ದಿನ ಹೆದರಿಕೊಂಡೇ ಕೇಳಿದ್ದು" ಎಂದ. ನನಗೆ ಅವರೆಲ್ಲರ ಮೇಲೆ ತುಂಬ ಪ್ರೀತಿ ಬಂತು.

ವಾದನ ಮುಗಿದ ಮೇಲೆ ಪೊಡಿಯಬ್ಬರು ಕೇಳಿದರು, "ಈಗ ಎದೆ ಹೇಗುಂಟು ಮೇಷ್ಟ್ರೆ?"

ಅಯ್ಯೋ, ಅದನ್ನು ಮರೆತೇಬಿಟ್ಟಿದ್ದೆ! ಗಾಬರಿಯಿಂದ ಕೈಯಿಟ್ಟು ನೋಡಿದೆ. ಅದು ಅಷ್ಟಕ್ಕೇ ಕಾಯುತ್ತಿತ್ತೋ ಏನೋ, ಮತ್ತೆ ಡವಡವ ಶುರುಮಾಡಿತು.