ಮಾವನ ಪಿಸ್ತೂಲು ಖಾಲಿಯಾದ ಬಗೆ

"ಮಾವ, ನೀವು ನಿಶ್ಚಿಂತೆಯಿಂದ ಕಣ್ಣು ಮುಚ್ಚಿ. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ."

ಕನ್ನಡಕದ ಅಂಗಡಿಯವರು ಇದನ್ನು ಹೇಳಿದ್ದು ಒಳ್ಳೆಯ ಮನಸ್ಸಿನಿಂದಲೇ. ಮಾವನವರ ಕಣ್ಣಿನ ಪೊರೆ ತೆಗೆಸಲು ದಿನ ಗೊತ್ತಾಗಿತ್ತು, ಧೈರ್ಯ ಹೇಳೋಣವೆಂದುಕೊಂಡಿದ್ದರು. ಆದರೆ ಎಂಬತ್ತು ದಾಟಿದವರ ಮುಂದೆ ಅಳಿಯ ನಿಂತು ಕಣ್ಣು ಮುಚ್ಚಿ ಎಂದರೆ ಅದರ ಅರ್ಥವೇ ಬೇರೆ. ಮಾವ ಲೋಟ ಕೆಳಗಿಟ್ಟು, ಮಗಳು ನಿಂತಿದ್ದ ದಿಕ್ಕನ್ನು ಅಂದಾಜು ಮಾಡಿ ಮುಖ ತಿರುಗಿಸಿ, ನಿನ್ನ ಗಂಡನಿಗೆ ಇಷ್ಟೊಂದು ಅವಸರ ಯಾಕಮ್ಮ ಎಂದು ಮೆಲ್ಲಗೆ ವಿಚಾರಿಸಿದರು.

ನೋಡಿಕೊಳ್ಳಬೇಕಾಗಿದ್ದ 'ಮಿಕ್ಕಿದ್ದು' ಒಂದು ಪಿಸ್ತೂಲು. ಮಾವ ಒಂದು ಕಾಲಕ್ಕೆ ಒಡವೆ ಸಾಗಿಸುವ ವ್ಯಾನಿನ ಮುಂದಿನ ಸೀಟಿನಲ್ಲಿ ಕಾವಲಿಗೆ ಕೂತು ಊರೂರು ಸುತ್ತಿದವರು. ಆಗಿನ ಲೈಸೆನ್ಸು, ಆಗಿನ ಪಿಸ್ತೂಲು ಎರಡೂ ಇನ್ನೂ ಅವರ ಕಬ್ಬಿಣದ ಬೀರುವಿನಲ್ಲಿದ್ದವು. ಕಣ್ಣು ಮಸುಕಾದ ಮೇಲೆ ಅದನ್ನು ಇಟ್ಟುಕೊಳ್ಳುವುದು ತರವಲ್ಲ, ಬಂದೂಕಿನ ಅಂಗಡಿಯ ಭದ್ರಕೋಣೆಗೆ ಒಪ್ಪಿಸಿಬಿಡೋಣ ಎಂದು ಅವರೇ ಹೇಳಿದ್ದರು. ಬಂದೂಕಿನ ಅಂಗಡಿಯವರದು ಒಂದೇ ಷರತ್ತು: ಖಾಲಿ ಮಾಡಿ ತರಬೇಕು, ತೋಟಾಗಳನ್ನು ಬೇರೆ ಪೊಟ್ಟಣದಲ್ಲಿಡಬೇಕು. ಒಳಗೆ ತೋಟಾ ಇದೆಯೋ ಇಲ್ಲವೋ ಮಾವನಿಗೆ ನೆನಪಿರಲಿಲ್ಲ. ನೋಡೋಣವೆಂದರೆ ಕಣ್ಣಿಲ್ಲ.

ಗೊತ್ತಿದ್ದವರನ್ನು ಮನೆಗೆ ಕರೆಸಿದರಾಯಿತು ಎಂದಳು ಹೆಂಡತಿ. ಅವಳದು ಮನೆಯ ಕೆಳಗಿನ ಅಂತಸ್ತಿನಲ್ಲಿ ಸೋಫಾ, ಹಾಸಿಗೆ ಹೊಲಿಯುವ ಕಾರ್ಖಾನೆ. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಮಾತಾಡುವವಳಾದ್ದರಿಂದ ಅವಳ ಮಾತು ಚಿಕ್ಕದು, ಸ್ವಲ್ಪ ಚುಚ್ಚುವಂಥದ್ದು.

ಕನ್ನಡಕದವರು ಒಪ್ಪಲಿಲ್ಲ. ಅವರಿಗೆ ಮಾವನ ಕಣ್ಣಲ್ಲಿ ಒಮ್ಮೆಯಾದರೂ ಗಂಡಸೆನಿಸಿಕೊಳ್ಳುವ ಆಸೆಯಿತ್ತು, ಅದೂ ಆ ಕಣ್ಣು ಕಾಣದೆ ಇರುವಾಗಲೇ ಆದರೆ ಸುಲಭ. ಮನೆಯಲ್ಲಿ ಅವರಿಗಿದ್ದ ಹೆಸರು ಕನಸುಗಾರ ಎಂದು. ಅಂಗಡಿಯಲ್ಲಿ ಗಿರಾಕಿಯ ಮೂಗಿನ ಮೇಲೆ ಚೌಕಟ್ಟು ಕೂರಿಸಿ, ಒಂದೊಂದೇ ಗಾಜು ಬದಲಾಯಿಸುತ್ತ, ಈಗ ಹೇಗೆ, ಈಗ ಹೇಗೆ ಎಂದು ಕೇಳುತ್ತಿದ್ದವರು ನಡುವೆ ಎಲ್ಲೋ ಹೊರಟುಹೋಗುತ್ತಿದ್ದರು. ಗಾಜು ಹಿಡಿದ ಕೈ ಗಾಳಿಯಲ್ಲೇ ನಿಲ್ಲುತ್ತಿತ್ತು. ಗಾಜಿನ ಮೂಲಕ ಬಂದ ಬಿಸಿಲು ಗೋಡೆಯ ಮೇಲೆ ಸಣ್ಣ ಕಾಮನಬಿಲ್ಲಾಗಿ ನಡುಗುತ್ತಿತ್ತು, ಅವರು ಅದರ ಜೊತೆ ಇರುತ್ತಿದ್ದರು. ಕೊನೆಗೆ ಗಿರಾಕಿಯೇ ಕೆಮ್ಮಿ, ಬಂದ್ರಾ ಸಾರ್ ಎಂದು ಕೇಳಬೇಕಾಗುತ್ತಿತ್ತು.

ಹೀಗೆ ಕನಸುಗಾರರು ಗುಂಡು ಹೊಡೆಯುವ ಕ್ಲಬ್ಬಿನಲ್ಲಿ ಹೊಸಬರ ತರಗತಿಗೆ ಸೇರಿಕೊಂಡರು. ಮೊದಲ ಭಾನುವಾರ ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟಾಗ ಪಕ್ಕದ ಮನೆಯಾಕೆ ಎಲ್ಲಿಗೆ ಎಂದು ಕೇಳಿದರು. ಇವರು ಗಂಭೀರವಾಗಿ, ಗುಂಡು ಹಾಕೋದನ್ನ ಕಲಿಯೋಕೆ ಎಂದರು. ಸಂಜೆಯೊಳಗೆ ಬೀದಿಯವರೆಲ್ಲ ಬಂದು ಹೆಂಡತಿಯನ್ನು ಸಂತೈಸಿ ಹೋದರು. ಈ ವಯಸ್ಸಲ್ಲಿ ಕುಡಿತ ಕಲಿತರೆ ಬೇಗ ಬಿಡುವುದಿಲ್ಲವಂತೆ ಎಂದು ಒಬ್ಬರು ವೈದ್ಯರ ವಿಳಾಸವನ್ನೂ ಕೊಟ್ಟರು.

ಕಲಿಸುವವರು ಒಬ್ಬ ಮೇಡಂ. ನರೆತ ಕೂದಲನ್ನು ಬಿಗಿಯಾಗಿ ಕಟ್ಟಿದ, ಎಂದೂ ದನಿ ಎತ್ತದ ಹೆಂಗಸು. ಅವರು ಹೇಳಿದ ಮೊದಲ ಮಾತು, ಕೈಗೆ ಬಂದ ಪ್ರತಿ ಪಿಸ್ತೂಲಿನಲ್ಲೂ ಗುಂಡಿದೆ ಎಂದೇ ತಿಳಿಯಿರಿ, ಯಾರು ಏನೇ ಹೇಳಲಿ. ಎರಡನೆಯದು, ಯಾವುದನ್ನು ಕಳೆದುಕೊಳ್ಳಲು ನೀವು ತಯಾರಿಲ್ಲವೋ ಅದರ ಕಡೆ ನಳಿಗೆ ತಿರುಗಿಸಬೇಡಿ. ಹೊಡೆಯುವ ಕ್ಷಣದವರೆಗೆ ಬೆರಳು ಕುದುರೆಯ ಮೇಲೆ ಹೋಗಕೂಡದು. ಗುರಿಯಾಚೆ ಏನಿದೆ, ಯಾರಿದ್ದಾರೆ ಎಂದು ನೋಡಿರಬೇಕು. ಕನ್ನಡಕದವರು ಇಷ್ಟನ್ನೂ ಆ ದಿನವೇ ಬಾಯಿಪಾಠ ಮಾಡಿ ಮನೆಯಲ್ಲಿ ಎಲ್ಲರಿಗೂ ಒಪ್ಪಿಸಿದರು. ಕುದುರೆ ಎಲ್ಲಿಂದ ಬಂತು ಎಂದು ಹೆಂಡತಿ ಕೇಳಿದಾಗ, ಬೆರಳಲ್ಲಿ ಎಳೆಯುವ ಕೊಕ್ಕೆಗೆ ಹಾಗನ್ನುತ್ತಾರೆ, ಅದು ಓಡಿತೆಂದರೆ ಹಿಡಿಯಲಾಗುವುದಿಲ್ಲ ಎಂದು ವಿವರಿಸಿದರು.

ತೋಟಾಗಳ ಪಾಠವೂ ಆಯಿತು. ಹಿತ್ತಾಳೆಯ ಕೊಳವೆ, ಒಳಗೆ ಮದ್ದು, ತುದಿಯಲ್ಲಿ ಗುಂಡು. ಬುಡದಲ್ಲಿ ಕೆತ್ತಿದ ಅಳತೆಯೂ ನಳಿಗೆಯ ಮೇಲಿನ ಅಳತೆಯೂ ಒಂದೇ ಇರಬೇಕು. ಹತ್ತಿರಹತ್ತಿರ ಇದೆ, ನಡೆಯುತ್ತೆ ಎನ್ನುವುದು ಇಲ್ಲಿ ನಡೆಯದು. ಕನ್ನಡಕದಲ್ಲೂ ಹಾಗೇ ಅಲ್ಲವೇ ಎಂದುಕೊಂಡು ಅವರಿಗೆ ಬಹಳ ಖುಷಿಯಾಯಿತು. ಆ ಖುಷಿಯಲ್ಲಿ ಮುಂದಿನ ಮಾತು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಖಾಲಿ ಮಾಡುವ ಕ್ರಮವನ್ನು ಮೇಡಂ ಹೇಳಿದ್ದು ಆಗಲೇ.

ಆಮೇಲೆ ದಪ್ಪನೆಯ ಕಿವಿಮುಚ್ಚುಗಳನ್ನು ಕೊಟ್ಟರು. ಹಾಕಿಕೊಂಡೊಡನೆ ಲೋಕವೇ ನೀರಿನೊಳಗೆ ಇಳಿದಂತಾಯಿತು. ಅಕ್ಕಪಕ್ಕದ ಗುಂಡುಗಳು ಎಲ್ಲೋ ದೂರದಲ್ಲಿ ಯಾರೋ ಕಂಬಳಿ ಕೊಡವಿದಂತೆ ಕೇಳುತ್ತಿದ್ದವು. ತಂತಿಗೆ ಸಿಕ್ಕಿಸಿದ ಕಾಗದದ ಗುರಿಗಳು ಗಾಳಿಗೆ ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದವು. ಮರಳಿನ ದಿಬ್ಬದ ಮೇಲೆ ಬಿಳಿ ಚಿಟ್ಟೆಯೊಂದು ಯಾರ ಹಂಗೂ ಇಲ್ಲದೆ ಓಡಾಡುತ್ತಿತ್ತು. ಇಷ್ಟು ನೆಮ್ಮದಿಯ ಜಾಗ ಭೂಮಿಯ ಮೇಲೆ ಇನ್ನೊಂದಿಲ್ಲ ಎನ್ನಿಸಿ ಕನ್ನಡಕದವರು ಎರಡೂ ಕಣ್ಣು ಮುಚ್ಚಿ ಕುದುರೆ ಎಳೆದರು. ಗುಂಡು ಹೋಗಿ ಪಕ್ಕದವನ ಕಾಗದಕ್ಕೆ ತಗುಲಿತು. ಪಕ್ಕದವನು ಕೈಮುಗಿದು ನಕ್ಕ. ಮೇಡಂ ನಗಲಿಲ್ಲ, ಇವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು.

ನಾಲ್ಕೈದು ಭಾನುವಾರ ಕಳೆಯಿತು. ಇನ್ನು ತಡವೇಕೆ ಎಂದು ಒಂದು ರಜೆಯ ಮಧ್ಯಾಹ್ನ ಮಾವನಿಂದ ಬೀರುವಿನ ಕೀಲಿ ಪಡೆದರು. ಮೇಡಮ್ಮಿಗೆ ಒಂದು ಫೋನ್ ಮಾಡಿ ಎಂದು ಹೆಂಡತಿ ಮತ್ತೆ ಹೇಳಿದಳು. ಅವರಿಗೆ ಇಂಥ ಸಣ್ಣ ಕೆಲಸಕ್ಕೆಲ್ಲ ತೊಂದರೆ ಕೊಡಬಾರದು ಎಂದರು ಇವರು.

ಜಾಗಕ್ಕೆ ಹೆಂಡತಿಯ ಕಾರ್ಖಾನೆಯನ್ನು ಆರಿಸಿದರು. ಅಂದು ಕೆಲಸದವರಿರಲಿಲ್ಲ. ಹೊಲಿಗೆಯ ಯಂತ್ರಗಳು ಮುಸುಕು ಹೊದ್ದು ಮಲಗಿದ್ದವು. ಎತ್ತರದ ಕಿಟಕಿಯಿಂದ ಇಳಿದ ಬಿಸಿಲು ನೆಲದ ಮೇಲೆ ಚೌಕವಾಗಿ ಬಿದ್ದಿತ್ತು. ಹಿಂಬದಿಯ ಕಲ್ಲುಗೋಡೆಗೆ ಒರಗಿಸಿ ಯಾವುದೋ ಲಾಡ್ಜಿನವರ ಹತ್ತಿಯ ಹಾಸಿಗೆಗಳನ್ನು ಸುರುಳಿ ಸುತ್ತಿ ಪೇರಿಸಲಾಗಿತ್ತು. ಇದೇ ನಮ್ಮ ಮರಳಿನ ದಿಬ್ಬ, ಆಚೆ ಇರುವುದು ಗುಡ್ಡದ ಮಣ್ಣು ಎಂದು ಕನ್ನಡಕದವರು ತೀರ್ಮಾನಿಸಿದರು. ಹೆಂಡತಿ ಆ ಸುರುಳಿಗಳ ಮುಂದೆ ಬಗ್ಗಿ ಯಾವುದೋ ಕತ್ತರಿ ಹುಡುಕುತ್ತಿದ್ದಳು. ಅವಳು ಎದ್ದು ಬಂದು ಬಾಗಿಲ ಬಳಿ, ಕುರ್ಚಿಯಲ್ಲಿದ್ದ ಮಾವನ ಹಿಂದೆ ನಿಲ್ಲುವ ತನಕ ಇವರು ಪಿಸ್ತೂಲಿನ ಪೆಟ್ಟಿಗೆ ತೆರೆಯಲೇ ಇಲ್ಲ. ಈ ಒಂದು ವಿಷಯವನ್ನು ಮಾತ್ರ ಅವರ ಪರವಾಗಿ ಯಾರು ಬೇಕಾದರೂ ಸಾಕ್ಷಿ ಹೇಳಬಹುದು.

ಪಿಸ್ತೂಲು ತಣ್ಣಗೆ, ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ನಳಿಗೆಯನ್ನು ಹಾಸಿಗೆಗಳತ್ತ ಹಿಡಿದರು. ಬೆರಳನ್ನು ಕುದುರೆಯಿಂದ ದೂರ ಚಾಚಿದರು. ನಳಿಗೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಜಾರುವ ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟರು. ಪಕ್ಕದ ಕಿಂಡಿಯಿಂದ ತೋಟಾ ಒಂದು ಚಿಮ್ಮಿ ಬಿತ್ತು.

"ನೋಡಿದ್ಯಾ? ಒಳಗಿತ್ತು. ಈಗ ಬಂತು."

ಹಿತ್ತಾಳೆಯ ತೋಟಾ ನೆಲದ ಮೇಲೆ ಉರುಳುತ್ತ ಬಿಸಿಲಿನ ಚೌಕವನ್ನು ಹೊಕ್ಕು, ಒಮ್ಮೆ ಜಗ್ಗನೆ ಬೆಳಗಿ, ಆಚೆ ಹೊಲಿಗೆಯ ಯಂತ್ರದ ಕೆಳಗೆ ಮರೆಯಾಯಿತು. ಬಂಗಾರದ ಮೀನೊಂದು ಕೊಳದಲ್ಲಿ ಮಗುಚಿದಂತಿತ್ತು. ಕನ್ನಡಕದವರು ಮನಸ್ಸಿನಲ್ಲೇ ಅದರ ಹಿಂದೆ ಸ್ವಲ್ಪ ದೂರ ಹೋಗಿಬಂದರು. ಬಂದವರು ಹಿಡಿಯ ಗುಂಡಿ ಒತ್ತಿ, ತೋಟಾ ತುಂಬುವ ಡಬ್ಬಿ, ಅಂದರೆ ಮ್ಯಾಗಜಿನ್ ಕಳಚಿ ಮೇಜಿನ ಮೇಲಿಟ್ಟರು. ಅದರಲ್ಲಿ ಇನ್ನೂ ತೋಟಾಗಳಿದ್ದವು. ಅವರು ಮರೆತದ್ದು ಇಷ್ಟೇ: ಮೊದಲು ಮ್ಯಾಗಜಿನ್, ಆಮೇಲೆ ಸ್ಲೈಡ್. ಮ್ಯಾಗಜಿನ್ ಇರುವಾಗಲೇ ಸ್ಲೈಡ್ ಎಳೆದರೆ ಒಂದು ತೋಟಾ ಹೊರಗೆ ಬಂದ ಬೆನ್ನಿಗೇ ಇನ್ನೊಂದು ಒಳಗೆ ಹೋಗಿ ಕೂರುತ್ತದೆ. ಬಾಗಿಲಲ್ಲಿ ನೆಂಟರನ್ನು ಕಳಿಸಿ ತಿರುಗಿದರೆ ಹಿತ್ತಿಲಿಂದ ಇನ್ನೊಬ್ಬ ನೆಂಟ ಬಂದು ಮಂಚದ ಮೇಲೆ ಮಲಗಿದ್ದ ಹಾಗೆ.

"ಒಳಗೆ ಒಂದ್ಸಲ ಇಣುಕಿ ನೋಡಿ," ಎಂದಳು ಹೆಂಡತಿ.

"ಖಾಲಿ. ಕಣ್ಣಿನ ವಿಷಯ ನನಗೆ ಹೇಳಬೇಡ."

ಕ್ಲಬ್ಬಿನಲ್ಲಿ ಎಲ್ಲ ಪರೀಕ್ಷೆ ಮುಗಿದ ಮೇಲೆ ಮರಳಿನ ದಿಕ್ಕಿಗೆ ಹಿಡಿದು ಖಾಲಿ ಕುದುರೆಯನ್ನು ಒಮ್ಮೆ ಎಳೆಸುತ್ತಿದ್ದರು. ಟಕ್ಕೆಂಬ ಆ ಸಣ್ಣ ಸದ್ದು ಕನ್ನಡಕದವರಿಗೆ ಬಹಳ ಇಷ್ಟ. ಹಾಸಿಗೆಯ ನಡುವಿಗೆ ನೋಟವಿಟ್ಟು ಮೃದುವಾಗಿ ಎಳೆದರು.

ಸದ್ದು ಟಕ್ಕೆಂದಾಗಲಿಲ್ಲ.

ಮೊದಲು ಇಡೀ ಕೋಣೆ ಒಂದೇ ಏಟಿಗೆ ಮುಚ್ಚಿಕೊಂಡಿತು. ಆಮೇಲೆ ಸದ್ದೇ ಇಲ್ಲದೆ ತೆರೆದುಕೊಂಡಿತು. ಹಾಸಿಗೆಯ ಸುರುಳಿ ಬಾಯಿ ಬಿಟ್ಟಿತ್ತು. ಹತ್ತಿಯ ಎಳೆಗಳು ಮೇಲಕ್ಕೆದ್ದು, ಸೂರಿನವರೆಗೆ ಹೋಗಿ, ಬಿಸಿಲಿನೊಳಗೆ ನಿಧಾನವಾಗಿ, ಬಹಳ ನಿಧಾನವಾಗಿ ಇಳಿಯತೊಡಗಿದವು. ಯಂತ್ರಗಳ ಮುಸುಕಿನ ಮೇಲೆ, ಮಾವನ ಹುಬ್ಬಿನ ಮೇಲೆ, ಹೆಂಡತಿಯ ಜಡೆಯ ಮೇಲೆ ಬಿಳಿಯಾಗಿ ಕೂತವು. ಕಿವಿಯೊಳಗೆ ಒಂದೇ ಒಂದು ತಂತಿ ಸಣ್ಣಗೆ ಮಿಡಿಯುತ್ತಿತ್ತು. ತಾನು ಸತ್ತೆನೆಂದೂ, ಸತ್ತ ಮೇಲೆ ಇರುವ ಜಾಗ ಹೀಗೇ ಮೆತ್ತಗಿರುತ್ತದೆಂದೂ, ಹೆಂಡತಿಯನ್ನೂ ಮಾವನನ್ನೂ ಜೊತೆಗೆ ಕರೆತಂದಿದ್ದು ಮಾತ್ರ ಸರಿಯಾಗಲಿಲ್ಲವೆಂದೂ ಕನ್ನಡಕದವರು ಯೋಚಿಸಿದರು.

ಹೆಂಡತಿಯ ತುಟಿಗಳು ಆಡುತ್ತಿದ್ದವು. ನಿಮಗೇನೂ ಆಗಿಲ್ಲವಲ್ಲ ಎಂದು ಅವಳು ಕೇಳುತ್ತಿದ್ದಳು. ಇವರು ತಲೆಯಾಡಿಸಿ, ಹೌದು, ಖಾಲಿ ಇತ್ತು ಎಂದು ಕೂಗಿ ಹೇಳಿದರು. ಅವಳಿಗೂ ಕೇಳಿಸಲಿಲ್ಲ. ಒಬ್ಬರಿಗೊಬ್ಬರು ಬೀದಿಯಾಚೆ ನಿಂತವರಂತೆ ಕೂಗಿಕೊಂಡರು. ಮೊದಲಿಂದಲೂ ಕಿವಿ ಮಂದವಾಗಿದ್ದ ಮಾವನೊಬ್ಬರೇ ಎಂದಿನಂತಿದ್ದರು. ಮೂಗಿನ ತುದಿಯಿಂದ ಹತ್ತಿ ತೆಗೆದು ಬೆರಳಲ್ಲಿ ಹೊಸೆಯುತ್ತ, ಯಾವ ಗಡಿಬಿಡಿಯೂ ಇಲ್ಲದೆ ಹೇಳಿದರು:

"ಈಗ ಖಾಲಿ ಆಯ್ತು ನೋಡಿ."

ಆಮೇಲೆ ದನಿ ಬದಲಿಸಿ, ಕೈಸನ್ನೆಯನ್ನೂ ಮಾಡುತ್ತ, ಅದನ್ನು ಗೋಡೆಯ ಕಡೆಗೇ ಮುಖ ಮಾಡಿ ಮೇಜಿನ ಮೇಲಿಡಿ, ಇನ್ನು ಯಾರೂ ಮುಟ್ಟಬೇಡಿ ಎಂದರು. ಕನ್ನಡಕದವರು ಆ ಸನ್ನೆಯಂತೆ ಇಟ್ಟು ಹಾಸಿಗೆಯ ಕಡೆ ನೋಡಿದರು. ಕತ್ತರಿ ಆ ಸುರುಳಿಯ ಕೆಳಗೇ ಬಿದ್ದಿತ್ತು. ಹೆಂಡತಿ ಬಗ್ಗಿದ್ದ ಜಾಗ ಅದೇ. ಎಷ್ಟು ಹೊತ್ತಿನ ಮಾತು? ಒಂದು ಲೋಟ ನೀರು ಕುಡಿಯುವಷ್ಟು. ಹತ್ತಿಯ ನಡುವೆಯೇ ಕೂತುಬಿಟ್ಟರು. ಅವಳೂ ಬಂದು ಪಕ್ಕದಲ್ಲಿ ಕೂತಳು. ಬೈಯುತ್ತಾಳೆಂದು ಕಾದರು. ಅವಳು ಅವರ ಅಂಗಿಯ ಮೇಲಿನ ಹತ್ತಿಯನ್ನು ಎಳೆ ಎಳೆಯಾಗಿ ಹೆಕ್ಕುತ್ತಿದ್ದಳು. ಮದುವೆಯಾದ ಹೊಸತರಲ್ಲೂ ಅವರು ಇಷ್ಟು ಹೊತ್ತು ಹೀಗೆ ಒತ್ತಿ ಕೂತವರಲ್ಲ.

ಮೇಡಮ್ಮಿಗೆ ಫೋನ್ ಮಾಡಿದವಳು ಹೆಂಡತಿ. ಆ ಕಡೆಯ ಮಾತೇನೂ ಕೇಳಿಸದ್ದರಿಂದ ವಿಳಾಸವನ್ನೇ ಮೂರು ಸಲ ಕೂಗಿ ಇಟ್ಟಳು. ಮೇಡಂ ಸ್ಕೂಟರಿನಲ್ಲಿ ಬಂದರು. ಪಿಸ್ತೂಲನ್ನು ಎತ್ತಿ, ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸಿ, ಒಳಗೆ ನೋಡಿದರು, ಕಿರುಬೆರಳು ತೂರಿಸಿ ಮುಟ್ಟಿಯೂ ನೋಡಿದರು. ಯಂತ್ರದ ಕೆಳಗಿನ ತೋಟಾ ಹುಡುಕಿ, ಮ್ಯಾಗಜಿನ್ನಿನಲ್ಲಿದ್ದವನ್ನೂ ಬಿಡಿಸಿ ಬೇರೆ ಪೊಟ್ಟಣಕ್ಕೆ ಹಾಕಿದರು. ಹಾಸಿಗೆ ಸರಿಸಿ ನೋಡಿದರೆ ಗುಂಡು ಕಲ್ಲುಗೋಡೆಗೆ ಬಡಿದು ಅಂಗಿಯ ಗುಂಡಿಯಷ್ಟಗಲ ಚಪ್ಪಟೆಯಾಗಿ ಕೂತಿತ್ತು.

ಕಿವಿ ತೆರೆದ ಮೇಲೆ ಕನ್ನಡಕದವರಿಗೆ ಕೇಳಿಸಿದ ಮೊದಲ ಮಾತು ಮೇಡಮ್ಮಿನದು. "ಕ್ರಮ ತಪ್ಪಿದ್ರಿ, ಇಣುಕಿ ನೋಡಲಿಲ್ಲ, ಖಾಲಿ ಅಂತ ನಂಬಿ ಕುದುರೆ ಎಳೆದ್ರಿ. ನಳಿಗೆ ಮಾತ್ರ ಸರಿಯಾದ ಕಡೆ ಹಿಡಿದ್ರಿ. ಅದೊಂದೇ ನಿಮ್ಮ ಸಂಸಾರ ಉಳಿಸಿದ್ದು."

ನಾಲ್ಕು ನಿಯಮವೂ ಬಾಯಿಪಾಠ ಇತ್ತು ಮೇಡಂ ಎಂದರು ಇವರು ಸಣ್ಣ ದನಿಯಲ್ಲಿ. ಬಾಯಿಪಾಠ ಬಾಯಿಗಾಯಿತು, ಕೈಗೆ ಪಾಠ ಆಗಬೇಕಿತ್ತು ಎಂದು ಮೇಡಂ ಹೇಳಿ, ಪೊಲೀಸ್ ಠಾಣೆಗೆ ನೀವಾಗಿಯೇ ಹೋಗಿ ವಿಷಯ ತಿಳಿಸಬೇಕೆಂದು ಜೊತೆಗೂ ಬಂದರು. ಅಲ್ಲಿ ಸಿಕ್ಕ ಬೈಗುಳವನ್ನು ಪುನಃ ಬರೆಯುವುದು ಬೇಡ. ಕಿವಿ ತೆರೆಯಲು ಇನ್ನೊಂದು ದಿನ ತಡವಾಗಿದ್ದರೆ ಚೆನ್ನಾಗಿತ್ತು ಎಂದು ಕನ್ನಡಕದವರಿಗೆ ಅನ್ನಿಸಿತು. ಪಿಸ್ತೂಲು ಭದ್ರಕೋಣೆ ಸೇರಿತು. ಲಾಡ್ಜಿನವರ ಹಾಸಿಗೆಯನ್ನು ಹೆಂಡತಿ ಹೊಸದಾಗಿ ಹೊಲಿದುಕೊಟ್ಟಳು. ಮೇಡಂ ಇವರನ್ನು ಮತ್ತೆ ಮೊದಲ ಪಾಠಕ್ಕೆ, ಪ್ಲಾಸ್ಟಿಕ್ ಪಿಸ್ತೂಲು ಕೊಟ್ಟು, ಹೊಸಬರ ನಡುವೆ ಕೂರಿಸಿದರು.

ಮಾವನ ಕಣ್ಣಿನ ಪೊರೆ ತೆಗೆದದ್ದು ಸಸೂತ್ರವಾಗಿ ಆಯಿತು. ಪಟ್ಟಿ ಬಿಚ್ಚಿದ ಬೆಳಗ್ಗೆ ಮಗಳು, ಅಳಿಯ ಇಬ್ಬರೂ ಎದುರಿಗಿದ್ದರು. ಕಣ್ಣಿನ ವೈದ್ಯರು ಗೋಡೆಯ ಮೇಲಿನ ಅಕ್ಷರಗಳನ್ನು ತೋರಿಸಿದರೆ ಮಾವ ಕೊನೆಯ ಸಾಲನ್ನೂ, ಅದರ ಕೆಳಗೆ ಅಚ್ಚು ಹಾಕಿದವರ ಹೆಸರನ್ನೂ ಸರಾಗವಾಗಿ ಓದಿದರು. ಮಗಳ ಕಡೆ ತಿರುಗಿ, ಕೂದಲು ಇಷ್ಟೊಂದು ನರೆತಿದೆಯಲ್ಲಮ್ಮ ಎಂದು ಕೆನ್ನೆ ಮುಟ್ಟಿದರು. ಕೊನೆಗೆ ಅಳಿಯನನ್ನು ನೋಡಿದರು. ಅಳಿಯ ಆಗ ಕಿಟಕಿಯ ಗಾಜಿನ ಮೇಲೆ ನಡುಗುತ್ತಿದ್ದ ಎಲೆಯ ನೆರಳಿನ ಜೊತೆ ಎಲ್ಲೋ ಹೊರಟಿದ್ದರು.

ಮಾವ ಕಣ್ಣು ಉಜ್ಜಿಕೊಳ್ಳಲು ಕೈಯೆತ್ತಿದರು. ವೈದ್ಯರು ತಡೆದು, ಏನು ತೊಂದರೆ ಎಂದು ಕೇಳಿದರು.

"ಎಲ್ಲ ಸ್ಪಷ್ಟವಾಗಿ ಕಾಣ್ತಿದೆ ಡಾಕ್ಟ್ರೇ. ನಮ್ಮ ಅಳಿಯಂದಿರು ಒಬ್ಬರು ಮಾತ್ರ ಇನ್ನೂ ಮಬ್ಬಾಗೇ ಇದ್ದಾರೆ."

ವೈದ್ಯರು ಗಾಬರಿಯಿಂದ ದೀಪ ಹಿಡಿದು ಮತ್ತೆ ಪರೀಕ್ಷೆಗೆ ಬಗ್ಗಿದರು. ಮಗಳು ವೈದ್ಯರ ತೋಳು ಮೆಲ್ಲಗೆ ಮುಟ್ಟಿ ಹೇಳಿದಳು:

"ಬಿಡಿ ಡಾಕ್ಟ್ರೇ, ಅದು ಅಪ್ಪನ ಕಣ್ಣಿನ ದೋಷ ಅಲ್ಲ. ನಮ್ಮನೆಯವರಿರೋದೇ ಹಾಗೆ."