ವಾರಕ್ಕಾಗುವಷ್ಟು ಆರೋಗ್ಯ

ಆರೋಗ್ಯ ಕಾಪಾಡಿಕೊಳ್ಳುವುದು ಬಹಳ ಸುಲಭ. ಅದಕ್ಕೆ ಬೇಕಾಗಿರುವುದು ಒಂದು ಭಾನುವಾರ, ಮುಚ್ಚಳ ಭದ್ರವಾಗಿರುವ ಒಂದು ಡಬ್ಬಿ, ಮತ್ತು ನನ್ನಂಥ ಒಬ್ಬ ಬುದ್ಧಿವಂತ. ಕಳೆದ ಬೇಸಿಗೆಯಲ್ಲಿ ಈ ಮೂರೂ ಒಂದೇ ಬಸ್ಸಿನಲ್ಲಿ ಕೂಡಿ ಬಂದವು. ಆ ಬಸ್ಸಿನಲ್ಲಿದ್ದವರು ಈಗಲೂ ಅದನ್ನು ಮರೆತಿಲ್ಲವಂತೆ!

ನನ್ನ ಹೆಸರು ಮಾದೇಶ. ಊರು ತಾಳವಾಡಿ ಬೆಟ್ಟದ ಮೇಲಿನ ಪಣಕಹಳ್ಳಿ. ಕೆಲಸ ಕೆಳಗೆ ಕೊಯಮತ್ತೂರಿನಲ್ಲಿ, ನೀರೆತ್ತುವ ಮೋಟಾರು ಮಾಡುವ ಕಂಪನಿಯೊಂದರ ಗೋಡೌನಿನಲ್ಲಿ. ಹೆಂಡತಿ ಮಂಗಳಾ ಬನಿಯನ್ ಹೊಲಿಯುವ ಕಂಪನಿಯಲ್ಲಿ ಸೂಪರ್‌ವೈಸರ್. ಬೆಳಿಗ್ಗೆ ಏಳೂವರೆಗೆ ಅವಳ ಬಸ್ಸು, ಏಳು ಮುಕ್ಕಾಲಿಗೆ ನನ್ನ ಬಸ್ಸು. ಹೀಗಾಗಿ ನಮ್ಮ ಮನೆಯ ಒಲೆ ಒಂಟಿಯಾಗಿತ್ತು. ನನ್ನ ಬೆಳಗಿನ ತಿಂಡಿ ಬಸ್‌ಸ್ಟಾಪಿನ ಎರಡು ವಡೆ. ಮಧ್ಯಾಹ್ನ ಕ್ಯಾಂಟೀನಿನ ಅನ್ನದ ಗುಡ್ಡ. ಸಂಜೆ ಬೋಂಡಾ. ರಾತ್ರಿಗೆ ಪರೋಟ ಪಾರ್ಸೆಲ್. ತರಕಾರಿ ಎಂಬ ಪದಾರ್ಥವನ್ನು ನಾನು ಬೋಂಡಾದ ಒಳಗೆ ಮಾತ್ರ ನೋಡುತ್ತಿದ್ದೆ.

ಒಂದು ದಿನ ಕಂಪನಿಯವರು ಎಲ್ಲರ ರಕ್ತ ಪರೀಕ್ಷೆ ಮಾಡಿಸಿದರು. ಡಾಕ್ಟರಮ್ಮ ನನ್ನ ಚೀಟಿ ನೋಡಿದರು, ಹೊಟ್ಟೆ ನೋಡಿದರು, ಮತ್ತೆ ಚೀಟಿ ನೋಡಿದರು.

"ನಿಮ್ಮ ಸಕ್ಕರೆ ಬಾರ್ಡರ್‌ನಲ್ಲಿದೆ" ಎಂದರು.

"ನಮ್ಮೂರೂ ಬಾರ್ಡರ್‌ನಲ್ಲೇ ಇರೋದು ಮೇಡಂ. ಅತ್ತ ಕರ್ನಾಟಕ, ಇತ್ತ ತಮಿಳುನಾಡು. ನಮಗದು ಅಭ್ಯಾಸ" ಎಂದೆ.

ಡಾಕ್ಟರಮ್ಮ ನಗಲಿಲ್ಲ. "ಇನ್ನು ಸ್ವಲ್ಪ ದಾಟಿದರೆ ವಾಪಸ್ ಬರೋದು ಕಷ್ಟ. ನಿಮ್ಮಪ್ಪನಿಗೆ ಸಕ್ಕರೆ ಇತ್ತಾ?" ಎಂದು ಕೇಳಿದರು. ಇತ್ತು. ಅಪ್ಪನ ಕಾಲಿನ ಎರಡು ಬೆರಳು ಅದಕ್ಕೇ ಹೋಗಿದ್ದು. ಆಮೇಲೆ ನಾನೂ ನಗಲಿಲ್ಲ.

ಮನೆಗೆ ಬಂದು ಫೋನು ತೆರೆದೆ. ಮೂರು ದಿನ ಗಹನವಾದ ಅಧ್ಯಯನ ನಡೆಸಿದೆ. ನಾಲ್ಕನೆಯ ದಿನ ಮಂಗಳಾಳನ್ನು ಕೂರಿಸಿಕೊಂಡು ಘೋಷಿಸಿದೆ: "ನೋಡು, ನಮ್ಮಂಥ ಬಿಡುವಿಲ್ಲದವರು ದಿನಾ ಅಡುಗೆ ಮಾಡಬಾರದು. ಭಾನುವಾರ ಒಂದೇ ಸಲ ಮಾಡಿಟ್ಟುಕೊಳ್ಳಬೇಕು. ವಾರವಿಡೀ ತಿನ್ನಬೇಕು. ನಾನು ಊರಿಗೆ ಹೋಗಿ ರಾಗಿ ಅಂಬಲಿ, ಮೊಳಕೆ ಹುರುಳಿ, ಎಲ್ಲ ತರ್ತೀನಿ."

"ಅಂಬಲಿ ಒಂದು ವಾರ ಇರುತ್ತಾ ರೀ?"

"ಇರಿಸಬೇಕು. ಅದೇ ವಿಜ್ಞಾನ."

ಮಂಗಳಾ ನನ್ನ ಮುಖವನ್ನೊಮ್ಮೆ ನೋಡಿ, "ಚೀಲ ಗಟ್ಟಿಯಾಗಿರೋದು ತಗೊಂಡು ಹೋಗಿ" ಎಂದಷ್ಟೇ ಹೇಳಿದಳು.

ಶನಿವಾರ ಮಧ್ಯಾಹ್ನವೇ ಊರು ಸೇರಿದೆ. ಅಣ್ಣ ಹೊಲದಲ್ಲಿದ್ದ. ಅತ್ತಿಗೆ ನಾಗಮ್ಮ ನನ್ನ ಐದು ಲೀಟರಿನ ಪ್ಲಾಸ್ಟಿಕ್ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದ್ಯಾಕಪ್ಪಾ ಮಾದೇಸ, ಸೀಮೆಣ್ಣೆ ತರಕ ಓಗಿದ್ಯಾ?"

"ಇಲ್ಲ ಅತ್ಗೆ. ಅಂಬಲಿಗೆ. ಒಂದು ವಾರಕ್ಕೆ."

"ವಾರವಾ! ಅಂಬಲಿಯ ಇವತ್ತು ಕಾಯ್ಸಿ ನಾಳ ಕುಡೀತರ ಕಣಪ್ಪ. ಉಪ್ಪಿನಕಾಯಾ ಅದು, ವಾರಗಟ್ಲ ಮಡಗಕ?"

ಅತ್ತಿಗೆ ಹುಟ್ಟಿದಾಗಿನಿಂದ ಅಂಬಲಿ ಕಾಯಿಸುತ್ತಿರುವವರು. ನಾನು ಮೂರು ದಿನದಿಂದ ಅಂಬಲಿಯ ವಿಡಿಯೋ ನೋಡುತ್ತಿರುವವನು. ಸಹಜವಾಗಿಯೇ ನಾನು ಅವರಿಗೆ ಪಾಠ ಹೇಳಲು ಕುಳಿತೆ. "ಅಂಬಲಿ ಹುಳಿ ಬಂದಷ್ಟೂ ಅದರಲ್ಲಿ ಒಳ್ಳೆಯ ಜೀವಿಗಳು ಹುಟ್ಟುತ್ತವೆ ಅತ್ಗೆ. ಅವು ಹೊಟ್ಟೆಗೆ ಹೋಗಿ ಕೆಲಸ ಮಾಡ್ತವೆ."

"ಓ, ನೀನು ಮಾಡ್ದೆ ಇದ್ರೂ ಅವು ಮಾಡ್ತವಾ?" ಎಂದರು ಅತ್ತಿಗೆ.

ಅವರು ರಾಗಿ ಹಿಟ್ಟು ಕಾಯಿಸಿ ಆರಿಸಿ ಕೊಟ್ಟರು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಮನುಷ್ಯ. ಆದರೆ ಜೀವಿಗಳ ಸಂಖ್ಯೆ ಹೆಚ್ಚಿಸುವ ಘನ ಉದ್ದೇಶದಿಂದ ಹಿಂದಿನ ದಿನದ ಹುಳಿ ಅಂಬಲಿ ಒಂದು ಚೊಂಬು ಸುರಿದೆ. ಅದರ ಮೇಲೆ ಒಂದು ಬಟ್ಟಲು ಮೊಸರು. ಅದರ ಮೇಲೆ, ಜೀವಿಗಳಿಗೂ ಊಟ ಬೇಕಲ್ಲ ಎಂಬ ಕರುಣೆಯಿಂದ, ಒಂದು ಅಚ್ಚು ಬೆಲ್ಲ! ಸಕ್ಕರೆ ಕಾಯಿಲೆಗೆ ಹೆದರಿ ಬಂದವನು ಅಂಬಲಿಗೆ ಬೆಲ್ಲ ಹಾಕುತ್ತಿದ್ದೇನೆ ಎಂಬುದು ನನಗೆ ಹೊಳೆಯಲೇ ಇಲ್ಲ. ಬೆಲ್ಲ ತಿನ್ನುವುದು ಜೀವಿಗಳು, ನಾನಲ್ಲವಲ್ಲ!

ಭಾನುವಾರ ಬೆಳಿಗ್ಗೆ ಡಬ್ಬಿಯ ಕತ್ತಿನವರೆಗೂ ತುಂಬಿ, ಮುಚ್ಚಳ ಬಿಗಿದು, ಅದರ ಸುತ್ತ ಅಗಲವಾದ ಟೇಪು ನಾಲ್ಕು ಸುತ್ತು ಸುತ್ತಿದೆ.

"ಮುಚ್ಚಳವ ಒಸಿ ಸಡ್ಲ ಬುಡು ಮಾದೇಸ. ಅದು ಉಸ್ರಾಡ್ಬೇಕು" ಎಂದರು ಅತ್ತಿಗೆ.

"ಬಸ್ಸಿನಲ್ಲಿ ಚೆಲ್ಲಿದರೆ ಬೇರೆಯವರಿಗೆ ತೊಂದರೆ ಅತ್ಗೆ" ಎಂದೆ. ಪರರ ಬಗ್ಗೆ ನನಗಿದ್ದ ಈ ಕಾಳಜಿಯನ್ನು ದಯವಿಟ್ಟು ಗಮನಿಸಿ.

ತಾಳವಾಡಿಯಲ್ಲಿ ಹತ್ತೂವರೆಯ ಸತ್ಯಮಂಗಲದ ಬಸ್ಸು ಹತ್ತಿದೆ. ಬಸ್ಸು ತುಂಬಿತ್ತು. ಮೂವರು ಕೂರುವ ಸೀಟಿನಲ್ಲಿ ಕಿಟಕಿಯ ಪಕ್ಕ ನನಗೆ ಜಾಗ ಸಿಕ್ಕಿತು. ಮೊಳಕೆ ಹುರುಳಿಯ ಗಂಟು ಕಾಲಡಿ, ಡಬ್ಬಿ ತೊಡೆಯ ಮೇಲೆ. ಬಿಸಿಲು ನೇರವಾಗಿ ಡಬ್ಬಿಗೆ ಬೀಳುತ್ತಿತ್ತು. ಒಳ್ಳೆಯದೇ, ಜೀವಿಗಳಿಗೆ ಬೆಚ್ಚಗಿರುತ್ತದೆ ಎಂದುಕೊಂಡೆ.

ಪಕ್ಕದಲ್ಲಿ ಕೂತಿದ್ದವನು ದೊಡ್ಡಗಾಜನೂರಿನ ಸಿದ್ದರಾಜು. ಸಪೂರ ಹುಡುಗ, ಬಿಳಿ ಪಂಚೆ, ಹೊಚ್ಚ ಹೊಸ ಬಿಳಿ ಅಂಗಿ. ಅವನ ಆಚೆ ಅವನ ತಾಯಿ, ಹಿಂದಿನ ಸೀಟಿನಲ್ಲಿ ತಂದೆ. ಸತ್ಯಮಂಗಲಕ್ಕೆ ಹೆಣ್ಣು ನೋಡಲು ಹೊರಟಿದ್ದರು. ಹಿಂದೆ ಎರಡು ಕಡೆ ಮಾತು ಮುರಿದಿತ್ತಂತೆ. "ಇದಾರ ಕೂಡ್ಬುಟ್ರ ಸಾಕು ಕಣಪ್ಪ" ಎಂದು ಆ ತಾಯಿ ನನ್ನ ಹತ್ತಿರ ಹೇಳಿಕೊಂಡರು. ನಾನು ಒಳ್ಳೆಯದಾಗಲಿ ಎಂದು ಹಾರೈಸಿದೆ. ಮನಸಾರೆ ಹಾರೈಸಿದೆ.

ಹಾಸನೂರು ದಾಟುವಷ್ಟರಲ್ಲಿ ಡಬ್ಬಿಯ ಪಕ್ಕೆಗಳು ಉಬ್ಬಿಕೊಂಡವು. ನೋಡಿದರೆ ನನ್ನ ಹೊಟ್ಟೆಯೂ ಡಬ್ಬಿಯೂ ಒಂದೇ ಆಕಾರ. ಸಿದ್ದರಾಜು ಕಿವಿಗೊಟ್ಟು ಕೇಳಿದ.

"ಏನಣ್ಣಾ ಅದು ಒಳಗ? ಬೊಳಬೊಳ ಅಂತದಲ್ಲ?"

"ಅಂಬಲಿ."

"ನಮ್ಮನೆ ಅಂಬಲಿ ಇಂಗ ಮಾತಾಡಲ್ಲ ಕಣಣ್ಣಾ."

ನಾನು ಮುಗುಳ್ನಕ್ಕು ಅವನಿಗೂ ಪಾಠ ಶುರು ಮಾಡಿದೆ. ನಗರದ ಜೀವನ, ಬಿಡುವಿಲ್ಲದ ದುಡಿಮೆ, ದಾರಿ ತಪ್ಪಿದ ಆಹಾರ, ಒಳ್ಳೆಯ ಜೀವಿಗಳು. ಬಸ್ಸು ದಿಂಬಂ ದಾಟಿ ಘಾಟಿ ಇಳಿಯತೊಡಗಿತು. ಒಂದೊಂದು ತಿರುವಿಗೂ ಡಬ್ಬಿ ಅತ್ತ ಇತ್ತ ಕುಲುಕುತ್ತಿತ್ತು. "ಈಗ ನೋಡು ತಮ್ಮಾ, ಇದರೊಳಗೆ ಎಂಥಾ ಶಕ್ತಿ ತುಂಬಿದೆ ಅಂದರೆ" ಎಂದು ಡಬ್ಬಿಯ ಮೇಲೆ ಎರಡು ಸಲ ತಟ್ಟಿದೆ.

ಢಮಾರ್!

ಮುಚ್ಚಳ ಬಸ್ಸಿನ ಚಾವಣಿಗೆ ಬಡಿಯಿತು. ಅದರ ಹಿಂದೆಯೇ ಐದು ಲೀಟರು ಆರೋಗ್ಯ ಮೇಲಕ್ಕೆ ಹೋಯಿತು. ಆಮೇಲೆ ಕೆಳಕ್ಕೆ ಬಂತು.

ಡ್ರೈವರು ಟೈರು ಸಿಡಿಯಿತೆಂದು ತಿರುವಿನಲ್ಲೇ ಬ್ರೇಕು ಒತ್ತಿದ. ಹಿಂದೆ ಬರುತ್ತಿದ್ದ ಲಾರಿಗಳೆಲ್ಲ ಸಾಲಾಗಿ ನಿಂತು ಹಾರ್ನ್ ಬಾರಿಸಿದವು. "ಯಾರೂ ಇಳೀಬೇಡಿ, ಆನೆ ಓಡಾಡೋ ಜಾಗ!" ಎಂದು ಕಂಡಕ್ಟರು ಕೂಗಿದ. ಟೈರು ನೋಡಲು ತಾನೊಬ್ಬನೇ ಇಳಿದು, ಸುತ್ತು ಹಾಕಿ, ಮತ್ತೆ ಹತ್ತಿ ಬಂದು, ನನ್ನ ಮುಂದೆ ನಿಂತ. ನನ್ನ ಹುಬ್ಬಿನಿಂದ ಅಂಬಲಿ ತೊಟ್ಟಿಕ್ಕುತ್ತಿತ್ತು.

"ಏನ್ ಸಾರ್ ಇದು?"

"ಅಂಬಲಿ."

"ಅಂಬಲಿ ಯಾಕೆ ಸಾರ್ ಸಿಡಿಯುತ್ತೆ?"

ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಮೊದಲ ಸಲ ಗೊತ್ತಿದ್ದೂ ಸುಮ್ಮನಿದ್ದೆ.

ಪಕ್ಕಕ್ಕೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಆದರೂ ತಿರುಗಿದೆ. ಸಿದ್ದರಾಜುವಿನ ಬಿಳಿ ಅಂಗಿ ಗೋಡೆಗೆ ಮೆತ್ತಿದ ಮಣ್ಣಿನ ಬಣ್ಣವಾಗಿತ್ತು. ಅವನ ತಾಯಿ ತಲೆಯ ಮೇಲೆ ಕೈ ಹೊತ್ತಿದ್ದರು. "ಅಯ್ಯೋ, ಏನ್ ಮಾಡ್ಬುಟ್ಟೆಯಪ್ಪಾ ನೀನು! ಇಂಗೇ ಓದ್ರ ಹೆಣ್ಣಿನ ಕಡ್ಯೋರು ಏನಂದಾರು?"

ನನ್ನ ಚೀಲದಲ್ಲಿ ಬದಲಿಗೆಂದು ಇಸ್ತ್ರಿ ಮಾಡಿಸಿ ತಂದಿದ್ದ ನೀಲಿ ಅಂಗಿ ಇತ್ತು. ತೆಗೆದುಕೊಟ್ಟೆ. ಅವನು ಹಾಕಿಕೊಂಡ. ನನ್ನ ಹೊಟ್ಟೆಗೆ ಹೊಲಿಸಿದ ಅಂಗಿ. ಅದರೊಳಗೆ ಸಿದ್ದರಾಜು ಇದ್ದ, ಇನ್ನೊಬ್ಬ ಸಿದ್ದರಾಜುವಿಗೂ ಜಾಗವಿತ್ತು.

ತೊಂದರೆ ಅಷ್ಟಕ್ಕೇ ಮುಗಿಯಲಿಲ್ಲ. ಅವನ ತಂದೆ ಹಿಂದಿನಿಂದ ಬಗ್ಗಿ ಮಗನನ್ನು ಮೂಸಿ ನೋಡಿದರು. ಹುಳಿ ಅಂಬಲಿಯ ವಾಸನೆ, ಅದರ ಮೇಲೆ ಬೆಲ್ಲ. ಆ ಮಿಶ್ರಣ ಮೂಗಿಗೆ ಹೊಡೆದರೆ ಯಾರಿಗಾದರೂ ಬರುವುದು ಒಂದೇ ಯೋಚನೆ.

"ಇವ ಕುಡ್ಕಂಡು ಬಂದವ್ನೆ ಅಂತರ" ಎಂದರು ಆ ಹಿರಿಯರು, ಶಾಂತವಾಗಿ. "ನೀನೂ ಬಾ. ಬಂದು ಸಾಕ್ಷಿ ಏಳು."

"ನಾನಾ?"

"ಮತ್ತ ಅಂಬಲಿಯ ಕರ್ಕಂಡು ಓಗನಾ?"

ಘಾಟಿಯ ಬುಡದ ಬಣ್ಣಾರಿಯಲ್ಲಿ ಬಸ್ಸು ನಿಂತಾಗ ನಲ್ಲಿಯಲ್ಲಿ ಮುಖ ತೊಳೆದುಕೊಂಡೆವು. ವಾಸನೆ ಮಾತ್ರ ನಮ್ಮ ಜೊತೆಗೇ ಬಸ್ಸು ಹತ್ತಿತು.

ಸತ್ಯಮಂಗಲದಲ್ಲಿ ಹುಡುಗಿಯ ಮನೆಯವರೂ ಕನ್ನಡ ಮಾತಾಡುವವರೇ. ಒಳಗೆ ಕೂರಿಸಿದರು, ನೀರು ಕೊಟ್ಟರು. ಫ್ಯಾನು ಹಾಕಿದರು. ಫ್ಯಾನು ಹಾಕಬಾರದಿತ್ತು. ಹುಡುಗಿಯ ತಂದೆಯ ಮೂಗು ಒಂದು ಸಲ ಅರಳಿತು. ಎರಡನೆಯ ಸಲ ಅರಳಿತು. ಅವರು ಹುಡುಗನ ಅಂಗಿಯನ್ನೂ, ನನ್ನ ತಲೆಯಲ್ಲಿ ಒಣಗಿ ಗಟ್ಟಿಯಾಗಿದ್ದ ರಾಗಿಯನ್ನೂ ನೋಡಿ ಬಹಳ ಮರ್ಯಾದೆಯಿಂದ ಕೇಳಿದರು: "ದಾರೀಲಿ ಎಲ್ಲಾದ್ರೂ ನಿಂತಿದ್ರಾ?"

ಎಲ್ಲರೂ ನನ್ನ ಕಡೆ ತಿರುಗಿದರು. ಎದ್ದು ನಿಂತೆ. ಎರಡು ಮನೆತನಗಳ ಭವಿಷ್ಯ ನನ್ನ ನಾಲಿಗೆಯ ಮೇಲಿತ್ತು. ಆ ನಾಲಿಗೆಯ ಬಗ್ಗೆ ನನಗೇ ಆಗ ನಂಬಿಕೆ ಉಳಿದಿರಲಿಲ್ಲ.

"ಇವರದ್ದು ಏನೂ ತಪ್ಪಿಲ್ಲ. ತಪ್ಪೆಲ್ಲ ನಂದು. ನಾನು ಅಂಬಲಿ ತರ್ತಿದ್ದೆ. ಅದರಲ್ಲಿ ಒಳ್ಳೆಯ ಜೀವಿಗಳಿದ್ದವು. ಬಿಸಿಲಿಗೆ ಸಿಡಿದು ಎಲ್ಲ ಹೋದವು" ಎಂದೆ.

ಮೂಲೆಯಲ್ಲಿ ಕೂತಿದ್ದ, ಕಿವಿ ಮಂದವಾಗಿದ್ದ ಅಜ್ಜಿ ಗಾಬರಿಯಾದರು. "ಅಯ್ಯೋ ಪಾಪ, ಒಳ್ಳೇ ಜೀವ ಓಯ್ತಾ? ಯಾರಪ್ಪಾ ಅದು? ನಿಮ್ಗ ಏನಾಗ್ಬೇಕು?"

"ಯಾರೂ ಹೋಗಿಲ್ಲ ಅಜ್ಜಿ, ಅಂಬಲಿ!" ಎಂದು ಕೂಗಿದೆ.

"ಅಂಬಿಕಾನಾ? ಸಣ್ಣ ವಯಸ್ಸಾ?" ಎಂದು ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೆಣ್ಣು ನೋಡುವ ಮನೆ ಸಾವಿನ ಮನೆಯಾಗುವ ಹೊತ್ತಿಗೆ, ಒಳಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಹುಡುಗಿ ಬಾಯಿ ಬಿಟ್ಟಳು. "ಅಂಬಲಿ ಸುಮ್ಮನೆ ಸಿಡಿಯಲ್ಲ. ಮುಚ್ಚಳ ಬಿಗಿದಿದ್ರಾ?"

"ಬಿಗಿದು, ಟೇಪು ಸುತ್ತಿದ್ದೆ" ಎಂದೆ.

"ಟೇಪಾ! ಯಾರಾದ್ರೂ ಅಂಬಲಿಗೆ ಟೇಪು ಸುತ್ತುತ್ತಾರಾ?"

"ನಾನಂತೂ ಸುತ್ತಲ್ಲ!" ಎಂದ ಸಿದ್ದರಾಜು, ಥಟ್ಟನೆ. ಅಲ್ಲಿಯವರೆಗೆ ಅವನು ತುಟಿ ಬಿಚ್ಚಿರಲಿಲ್ಲ. ಆಮೇಲೆ ತೋಳನ್ನು ಅಗಲಿಸಿ, ಅಂಗಿ ಎರಡೂ ಕಡೆ ಜೋತಾಡುವುದನ್ನು ತೋರಿಸಿ ಹೇಳಿದ: "ಈ ಅಂಗೀನೂ ನಂದಲ್ಲ ಕಣ್ರೀ. ಇದೂ ಅವ್ರದೇ."

ಹುಡುಗಿ ನಕ್ಕಳು ನೋಡಿ! ತಟ್ಟೆ ಅಲುಗಾಡಿ, ಅವಳಮ್ಮ ಓಡಿ ಬಂದು ಹಿಡಿದುಕೊಳ್ಳಬೇಕಾಯಿತು. ಹುಡುಗಿಯ ತಂದೆ ನಕ್ಕರು. ಸಿದ್ದರಾಜುವಿನ ತಾಯಿ ನಕ್ಕರು. ಯಾರು ಸತ್ತಿದ್ದೆಂದು ತಿಳಿಯದೆ ಅಜ್ಜಿಯೂ ನಕ್ಕರು. ಆ ಕೋಣೆಯಲ್ಲಿ ನಗದವನು ನಾನೊಬ್ಬನೇ. ತೊಳೆದ ಮೇಲೂ ತಲೆಯ ರಾಗಿ ಬೆವರಿನ ಜೊತೆ ಮುಖಕ್ಕಿಳಿದು ಒಣಗಿತ್ತು, ನಕ್ಕರೆ ಕೆನ್ನೆ ಬಿರುಕು ಬಿಡುತ್ತಿತ್ತು.

ಮಾತು ಕೂಡಿತು. ಕೇಸರಿಬಾತ್ ಬಂತು, ಬಜ್ಜಿ ಬಂತು. ನಾನು ಕೈಮುಗಿದು ಬೇಡವೆಂದೆ. "ಸಾಕ್ಷಿ ಏಳ್ದೋರು ತಿನ್ನದೆ ಓದ್ರ ಶುಭ ಅಲ್ಲ" ಎಂದು ಹುಡುಗಿಯ ಅಮ್ಮ ಬಡಿಸಿಯೇ ಬಿಟ್ಟರು. ಎರಡು ಮನೆತನಗಳ ಶುಭಕ್ಕಾಗಿ ಮೂರು ಸಲ ಕೇಸರಿಬಾತ್ ತಿಂದೆ. ಬಜ್ಜಿಯ ಲೆಕ್ಕ ಕೇಳಬೇಡಿ. ಹೊರಡುವಾಗ ಸಿದ್ದರಾಜುವಿನ ತಾಯಿ ನನ್ನ ಕೈ ಹಿಡಿದುಕೊಂಡರು. "ಮದುವಗ ತಪ್ದೆ ಬರ್ಬೇಕು ಕಣಪ್ಪ. ಆದ್ರ ಬರಿಗೈಲಿ ಬಾ. ಏನೂ ತರ್ಬ್ಯಾಡ. ಏನೂ ಅಂದ್ರ ಏನೂ!"

ಸಂಜೆ ಕೊಯಮತ್ತೂರಿನ ಮನೆ ಬಾಗಿಲು ತಟ್ಟಿದೆ. ಮಂಗಳಾ ಬಾಗಿಲು ತೆಗೆದು ಮೂಗು ಮುಚ್ಚಿಕೊಂಡಳು.

"ಎಲ್ಲಿ ರೀ ಅಂಬಲಿ?"

"ಅರ್ಧ ಬಸ್ಸಿನ ಮೇಲೆ. ಮಿಕ್ಕಿದ್ದು ನನ್ನ ಮೇಲೆ."

ಸ್ನಾನ ಮಾಡಿ ಬಂದು ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈಯಲಿಲ್ಲ. ಮೊದಲು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡಳು. ಆ ಕಣ್ಣೀರೆಲ್ಲ ನಗುವಿನದ್ದೇ ಎಂದು ಹೇಳಲಾರೆ. "ಮಾವನವರ ಕಾಲಿಗೆ ಬಟ್ಟೆ ಕಟ್ಟಿದವಳು ನಾನು. ಇನ್ನೊಂದು ಕಾಲಿಗೆ ಕಟ್ಟೋಕೆ ನನ್ನ ಕೈಲಿ ಆಗಲ್ಲ ರೀ" ಎಂದಳು. ಎದ್ದು ಹೋಗಿ, ಬದುಕುಳಿದಿದ್ದ ಮೊಳಕೆ ಹುರುಳಿಯ ಗಂಟು ಬಿಚ್ಚಿ ಸಾರಿಗೆ ಇಟ್ಟಳು.

ಊಟಕ್ಕೆ ಕೂತಾಗ ಅವಳೇ ಹೊಸ ಕಾನೂನು ಹೇಳಿದಳು: ಇನ್ನು ಮೇಲೆ ಇಬ್ಬರೂ ಅರ್ಧ ಗಂಟೆ ಮುಂಚೆ ಏಳುವುದು. ಒಲೆ ಅವಳದು, ಚಾಕು ನನ್ನದು. ಅವತ್ತು ಬೇಕಾದದ್ದು ಅವತ್ತೇ. ಡಬ್ಬಿ, ಟೇಪು, ಜೀವಿ ಎಂಬ ಮಾತು ಎತ್ತುವಂತಿಲ್ಲ.

ಇಷ್ಟೇನಾ ಎಂದುಕೊಂಡೆ. ಗೋಡೌನಿನಲ್ಲಿ ನೂರಾರು ಮೋಟಾರು ಎತ್ತಿ ಇಳಿಸುವವನಿಗೆ ಒಂದು ಹಿಡಿ ಬೀನ್ಸ್ ಯಾವ ಲೆಕ್ಕ?

ಸೋಮವಾರ ಬೆಳಿಗ್ಗೆ ಕಾಲು ಕೇಜಿ ಬೀನ್ಸ್ ಮುಂದಿಟ್ಟುಕೊಂಡು ಕೂತೆ. ನಾರು ತೆಗೆದೆ. ಎಲ್ಲ ತುಂಡೂ ಒಂದೇ ಅಳತೆಗೆ ಬರಬೇಕೆಂದು ಒಂದೊಂದನ್ನೂ ಬೆರಳಿಗೆ ಹಿಡಿದು ನೋಡಿದೆ. ಒಂದು ಸಲ ಬೆರಳನ್ನೇ ಹೆಚ್ಚಿಕೊಂಡೆ. ಮಂಗಳಾ ಬಾಣಲೆ ಇಟ್ಟು ಕಾದಳು. ಒಗ್ಗರಣೆ ಕಪ್ಪಾಯಿತು, ಮತ್ತೊಂದು ಹಾಕಿದಳು. ನಾನು ಕೊನೆಯ ಬೀನ್ಸ್ ಮುಗಿಸಿ ವಿಜಯದಿಂದ ತಲೆ ಎತ್ತಿದಾಗ ಅವಳ ಬಸ್ಸೂ ಹೋಗಿತ್ತು, ನನ್ನ ಬಸ್ಸೂ ಹೋಗಿತ್ತು.

ಬಾಣಲೆ ಕೆಳಗಿಳಿಸಿ ಇಬ್ಬರೂ ಸ್ಟಾಪಿಗೆ ಓಡಿದೆವು. ಮುಂದಿನ ಬಸ್ಸು ಬರುವವರೆಗೆ ನಿಂತು ತಲಾ ಎರಡು ವಡೆ ತಿಂದೆವು. ನಮ್ಮ ಮನೆಯಲ್ಲಿ ಆ ದಿನ ಆರೋಗ್ಯವಾಗಿದ್ದದ್ದು ಬೀನ್ಸ್ ಒಂದೇ!