‘ಆರಾಮ’ ಅನ್ನಬಾರದ ಕೋಣೆ

ನನ್ನ ಹೊಟ್ಟೆಪಾಡಿಗೆ ಅಡ್ಡಗಾಲು ಹಾಕುತ್ತ ಬಂದಿರುವ ಪದವೊಂದಿದೆ. ಅದು ‘ಆರಾಮ’. ನಮ್ಮ ಕಡೆ ಇಬ್ಬರು ಎದುರಾದರೆ ಮೊದಲು ಹೊರಡುವ ಮಾತೇ ‘ಆರಾಮ ಅದೀರಿ?’ ಅದಕ್ಕೆ ‘ಆರಾಮ’ ಅನ್ನುವುದೊಂದೇ ಉತ್ತರ. ಕಾಲು ಮುರಿದು ಮಲಗಿದವರೂ ಮೊದಲು ಹಾಗೆಂದೇ ಆಮೇಲೆ ಕಾಲಿನ ಸುದ್ದಿ ತೆಗೆಯುತ್ತಾರೆ. ನಾನು ಸೇಡಂನಲ್ಲಿ ಔಷಧದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ಜನರ ಮನಸ್ಸಿನ ಬೇನೆ ಕೇಳುವವಳು. ಮನಃಶಾಸ್ತ್ರಜ್ಞೆ ಎಂದು ಬೋರ್ಡಿನಲ್ಲಿದೆ. ಮೊದಮೊದಲು ಬಂದವರು, ‘ಸೂಜಿ ಮಾಡಲ್ಲೇನ್ರಿ? ಗುಳಿಗಿನೂ ಇಲ್ಲ? ಬರೇ ಮಾತಾ?’ ಎಂದು ಕೇಳಿ, ಕೆಳಗಿಳಿದು ಅಂಗಡಿಯಲ್ಲಿ ತಲೆನೋವಿನ ಗುಳಿಗೆ ಕೊಂಡು ಹೋಗುತ್ತಿದ್ದರು. ಉಳಿದವರನ್ನು ಹೇಗಿದ್ದೀರಿ ಅಂತ ಕೇಳಿದರೆ, ‘ಭಾಳ ಆರಾಮ ಅದೀನ್ರಿ’ ಅನ್ನುತ್ತಿದ್ದರು. ಇಷ್ಟು ಹೇಳಲು ಅವರು ಎರಡು ಬಸ್ಸು ಬದಲಿಸಿ ಬಂದಿರುತ್ತಿದ್ದರು.

ಕೊನೆಗೆ ಬೇಸತ್ತು, ಒಂದು ರಟ್ಟಿನ ಮೇಲೆ ‘ಇಲ್ಲಿ ಆರಾಮ ಅನ್ನಬಾರದು’ ಎಂದು ದಪ್ಪಕ್ಷರದಲ್ಲಿ ಬರೆದು ಮೇಜಿನ ಮೇಲಿಟ್ಟೆ. ನನಗೆ ಕಲಿಸಿದ ಯಾವ ಪಾಠದಲ್ಲೂ ಈ ಚಿಕಿತ್ಸೆ ಇರಲಿಲ್ಲ. ದೊಡ್ಡವರಿಗೆ ಈ ರಟ್ಟು. ಹರೆಯದ ಮಕ್ಕಳಿಗೆ ಬೇರೆ ಉಪಾಯ: ಕಿಟಕಿಗೆ ಮುಖ ಮಾಡಿ ಎರಡು ಕುರ್ಚಿ ಹಾಕಿಕೊಂಡು ಇಬ್ಬರೂ ರಸ್ತೆ ನೋಡುತ್ತ ಕೂರುತ್ತೇವೆ. ಕಣ್ಣಿಗೆ ಕಣ್ಣು ಕೂಡದಿದ್ದರೆ ಅವರ ಬಾಯಿ ಹೇಗೋ ಬಿಚ್ಚಿಕೊಳ್ಳುತ್ತದೆ. ಒಂದು ತಾಸು ಬರೀ ಎಮ್ಮೆ, ಆಟೋಗಳನ್ನು ನೋಡಿ ಎದ್ದುಹೋಗುವುದೂ ಉಂಟು.

ಚಂದಾಪುರದ ಬಸಣ್ಣನವರು (ಹೆಸರು ಬದಲಿಸಿದ್ದೇನೆ, ಹುಡುಕಲು ಹೋಗಬೇಡಿ) ಹೆಂಡತಿ ತೀರಿಕೊಂಡ ಮೇಲೆ ಬಂದವರು. ರಟ್ಟು ಓದಿದರು. ಕನ್ನಡಕ ಒರೆಸಿ ಮತ್ತೊಮ್ಮೆ ಓದಿ, ‘ಹಂಗಾದ್ರ ಏನನ್ಬೇಕ್ರಿ ಮೇಡಂ?’ ಎಂದರು. ನಾನು ಸುಮ್ಮನಿದ್ದೆ, ನನ್ನ ವಿದ್ಯೆಯಲ್ಲಿ ಅರ್ಧ ಭಾಗ ಸುಮ್ಮನಿರುವುದೇ. ಅರ್ಧ ತಾಸಾದ ಮೇಲೆ ಅವರು ಹೇಳಿದರು: ‘ಊಟಕ್ಕ ಕುಂತಾಗ ಗಂಗಾಳದ ಸಪ್ಪಳ ಭಾಳ ಆಗ್ತದ್ರಿ. ಮೊದಲ ಇಷ್ಟು ಕೇಳ್ತಿದ್ದಿಲ್ರಿ.’ ಅಲ್ಲಿಂದ ಮಾತು ಹರಿಯಿತು. ಕೆಲವು ತಿಂಗಳಲ್ಲಿ ಅವರು ಚಹಾದ ಹೋಟೆಲಿನ ಹಳೆಯ ಗೆಳೆಯರ ಗುಂಪಿಗೆ ಮರಳಿದರು, ನನ್ನ ಕಡೆ ಬರುವುದನ್ನು ಬಿಟ್ಟರು. ನಮ್ಮಲ್ಲಿ ಗುಣವಾದ ಗುರುತು ಅದೇ. ಹತ್ತಿರವಾದವರೆಲ್ಲ ಹೊರಟು ಹೋದರೆ ಕೆಲಸ ಚೆನ್ನಾಗಿ ಆಗಿದೆ ಎಂದು ಲೆಕ್ಕ.

ಇನ್ನೊಂದು ನಿಯಮವೂ ಇದೆ. ಬೀದಿಯಲ್ಲಿ ಸಿಕ್ಕರೆ ನಾವಾಗಿ ಗುರುತು ತೋರಿಸುವ ಹಾಗಿಲ್ಲ. ನಮ್ಮ ಬಳಿ ಬಂದಿದ್ದರೆಂದು ಊರವರಿಗೆ ಗೊತ್ತಾಗಬಾರದಲ್ಲ! ಒಂದು ದಿನ ಚಿಂಚೋಳಿಯ ಬಸ್ ಸ್ಟ್ಯಾಂಡಿನಲ್ಲಿ ಬಸಣ್ಣನವರು ಗೆಳೆಯರ ಜೊತೆ ನಗುತ್ತ ನಿಂತಿದ್ದರು. ಕಣ್ಣು ಕೂಡಿತು. ಅವರು ತಟ್ಟನೆ ತಿರುಗಿ ಬಸ್ಸಿನ ಬೋರ್ಡು ಓದತೊಡಗಿದರು. ನಾನೂ ಓದಿದೆ. ‘ಕಾಳಗಿ’ ಎಂದಿತ್ತು. ಅವರು ನಗುವುದನ್ನು ಕಂಡು ಸಂತೋಷವಾಯಿತು, ಸುಳ್ಳಲ್ಲ. ಆದರೆ ಮನೆಗೆ ಬಂದು ಊಟಕ್ಕೆ ಕೂತರೆ ನನ್ನ ಗಂಗಾಳ ಸಪ್ಪಳ ಮಾಡುತ್ತಿತ್ತು. ಆರು ವರ್ಷದಿಂದ ಒಬ್ಬಳೇ ಉಣ್ಣುತ್ತಿದ್ದೇನೆ, ಒಂದು ದಿನವೂ ಕೇಳಿರಲಿಲ್ಲ. ಅರ್ಧ ತಾಲ್ಲೂಕಿನ ಗುಟ್ಟು ಗೊತ್ತಿರುವ ನನ್ನನ್ನು ಸಂತೆಯಲ್ಲಿ ನಿಲ್ಲಿಸಿ ಮಾತಾಡಿಸುವವಳು ಬದನೆಕಾಯಿ ಮಾರುವಾಕೆ ಒಬ್ಬಳೇ. ಆ ದಿನ ನನಗೆ ತುಂಬ ಒಂಟಿ ಅನ್ನಿಸಿತು. ಟಿವಿ ಹಚ್ಚಿ, ದನಿ ಜೋರು ಮಾಡಿ ಉಂಡೆ.

ನನಗೂ ಕೇಳುವವರು ಇಲ್ಲವೆಂದಲ್ಲ. ವಾಡಿಯಲ್ಲಿರುವ ಅಕ್ಕ ದಿನಾ ಬೆಳಿಗ್ಗೆ ಫೋನು ಮಾಡುತ್ತಾಳೆ. ‘ಆರಾಮ ಅದೀ?’ ‘ಆರಾಮ. ನೀ?’ ‘ಆರಾಮ.’ ಅಷ್ಟಕ್ಕೆ ಫೋನು ಇಡುತ್ತೇವೆ. ಈ ಬಗ್ಗೆ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ಆ ವಾರವೇ ಚಿತ್ತಾಪುರದ ಕಾಲೇಜು ಹುಡುಗಿಯೊಬ್ಬಳು ಬಂದಳು. ಅದಕ್ಕೂ ಮೊದಲು ನಾಲ್ಕು ಸಲ ಬಂದು ಕಿಟಕಿಯ ಮುಂದೆ ತುಟಿ ಬಿಚ್ಚದೆ ಕೂತು ಹೋದವಳು. ಐದನೆಯ ಸಲ ರಸ್ತೆ ನೋಡುತ್ತಲೇ, ‘ಮೇಡಂ, ನೀವ್ ಆರಾಮ ಅದೀರೇನ್ರಿ?’ ಎಂದಳು. ‘ಆರಾಮ ಅದೀನವ್ವಾ’ ಎಂದುಬಿಟ್ಟೆ. ಅವಳು ಎದ್ದು ಹೋಗಿ ಮೇಜಿನ ಮೇಲಿದ್ದ ರಟ್ಟು ತಂದು ನನ್ನ ತೊಡೆಯ ಮೇಲಿಟ್ಟಳು. ಆಮೇಲೆ ಮೊದಲ ಬಾರಿಗೆ ನಕ್ಕಳು, ಮಾತೂ ಆಡಿದಳು. ಏನೆಂದು ನಿಮಗೆ ಹೇಳುವ ಹಾಗಿಲ್ಲ.

ಮಾರನೆಯ ಬೆಳಿಗ್ಗೆ ಅಕ್ಕನ ಫೋನು ಬಂತು. ‘ಆರಾಮ ಅದೀ?’ ಧೈರ್ಯ ಮಾಡಿ, ‘ಇಲ್ಲಕ್ಕಾ, ಆರಾಮಿಲ್ಲ’ ಎಂದೆ. ನಾನು ಹೇಳಿದ್ದು ಮನಸ್ಸಿನ ಮಾತು. ಆದರೆ ನಮ್ಮ ಕಡೆ ಆರಾಮಿಲ್ಲ ಅಂದರೆ ಮೈಗೆ ಆರಾಮಿಲ್ಲ ಎಂದೇ ಅರ್ಥ. ‘ಜ್ವರ ಬಂದಾವೇನು? ನಾ ಬರ್ತೀನಿ ತಡಿ’ ಎಂದವಳು ಫೋನು ಇಟ್ಟೇಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ರೈಲಿಳಿದು ಬಾಗಿಲಲ್ಲಿ ನಿಂತಿದ್ದಳು. ಡಬ್ಬಿಯಲ್ಲಿ ಮೆತ್ತಗಿನ ಅನ್ನ, ಸಾರು, ಚೀಲದಲ್ಲಿ ಥರ್ಮಾಮೀಟರು. ಹಣೆ ಮುಟ್ಟಿ, ‘ಮೈ ತಣ್ಣಗ ಅದ ಅಲಾ?’ ಎಂದಳು. ‘ಈಗೇ ಇಳೀತು’ ಎಂದೆ. ಎದುರುಬದುರು ಕೂತು ಉಂಡೆವು. ವಾಡಿಯ ಸುದ್ದಿಯನ್ನೆಲ್ಲ ಅವಳು ಉಸಿರು ತೆಗೆದುಕೊಳ್ಳದೆ ಹೇಳಿದಳು. ಗಂಗಾಳದ ಸಪ್ಪಳ ಕೇಳಿಸಲೇ ಇಲ್ಲ.

ಸಂಜೆ ರೈಲಿನ ಹೊತ್ತಾಯಿತು. ಚೀಲ ಹೆಗಲಿಗೆ ಹಾಕಿಕೊಂಡು, ‘ಈಗ ಆರಾಮ ಅನಸ್ತದ?’ ಎಂದು ಕೇಳಿದಳು. ಇದ್ದದ್ದನ್ನು ಇದ್ದಂತೆ ಹೇಳಿ ಎಂದು ಊರಿಗೆಲ್ಲ ಬುದ್ಧಿ ಹೇಳುವ ನನಗೆ, ‘ಹೋಗಬ್ಯಾಡಕ್ಕಾ’ ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ‘ಯಾಕೋ ಚಳಿ ಬಂದಂಗ ಆಗ್ಲಿಕತ್ತದ’ ಎಂದು ಚಾದರ ಹೊದ್ದುಕೊಂಡೆ. ಅಕ್ಕ ಚೀಲ ಕೆಳಗಿಟ್ಟಳು. ಸೇಡಂನ ಆ ಸುಡುಬೇಸಿಗೆಯಲ್ಲಿ ಹೋಗಿ ಫ್ಯಾನು ಬಂದ್ ಮಾಡಿದಳು.